ತವರು ತಿಪ್ಪಸಂದ್ರ, ಗಂಡನ ಮನೆ ಕೋಡಿಹಳ್ಳಿ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ಆಕಾಶದಲ್ಲಿ ವಿಮಾನಗಳನ್ನು ಹೇಗೆ ಸಂಭಾಳಿಸಬೇಕು ಎಂದು ಯಾರೂ ಕೇಳುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಕಲಿತೇ ಬಂದಿರುತ್ತಾರೆ. ಕೇಳುವುದು ಒಂದೇ: "ಮೇಡಂ, ಊರ ಹತ್ರ ಟ್ರಾನ್ಸ್‌ಫರ್ ತಗೊಳ್ಳೋದು ಹೆಂಗೆ?" ನನ್ನ ಉತ್ತರವೂ ಒಂದೇ: "ನಿಮ್ಮೂರು ಯಾವುದು ಅಂತ ಮೇಲಿನೋರಿಗೆ ಗೊತ್ತಾ, ಮೊದ್ಲು ಅದನ್ನ ವಿಚಾರಿಸ್ಕಳಿ." ತಮಾಷೆ ಎಂದುಕೊಂಡು ನಗುತ್ತಾರೆ. ತಮಾಷೆಯಲ್ಲ ಎಂದು ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗಿರಿಜಾ. ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ದುಡಿದು ಈಚೆಗೆ ನಿವೃತ್ತಳಾದವಳು. ವಿಮಾನ ನಿಲ್ದಾಣದ ಗೋಪುರದಲ್ಲೋ ರೇಡಾರ್ ಕೋಣೆಯಲ್ಲೋ ಕೂತು, ಯಾವ ವಿಮಾನ ಯಾವ ಎತ್ತರದಲ್ಲಿರಬೇಕು, ಯಾವುದು ಮೊದಲು ಇಳಿಯಬೇಕು ಎಂದು ಪೈಲಟ್‌ಗಳಿಗೆ ರೇಡಿಯೊದಲ್ಲಿ ಹೇಳುವ ಕೆಲಸ. ಇದನ್ನು ನಮ್ಮೂರಿನವರಿಗೆ ವಿವರಿಸಿ ವಿವರಿಸಿ ಸೋತಿದ್ದೆ. ಕಡೆಗೆ ನನ್ನ ಸೋದರಮಾವ ಜಗಲಿಯ ಮೇಲೆ ಕೂತು ಎಲ್ಲರಿಗೂ ತೀರ್ಮಾನ ಹೇಳಿಬಿಟ್ಟ: "ಪೈಲಟ್ಟು ಡ್ರೈವರ್ ಆದ್ರೆ ನಮ್ ಗಿರಿಜ ಕಂಡಕ್ಟ್ರು ಕಣ್ರಲಾ. ಇವ್ಳು ರೈಟ್ ಅನ್ನೋಗಂಟ ಗಾಡಿ ಅಲ್ಲಾಡಂಗಿಲ್ಲ." ನನ್ನ ಕೆಲಸದ ಬಗ್ಗೆ ಅಷ್ಟು ಚೆನ್ನಾಗಿ ಯಾವ ಅಧಿಕಾರಿಯೂ ಹೇಳಿಲ್ಲ.

ಬಡ್ತಿಗಳ ಕಥೆ ಬರೆಯುವುದಿಲ್ಲ. ಅವು ಬರಬೇಕಾದಾಗ ಬಂದವು. ಬರಬೇಕಾದಾಗ ಬಾರದೆ ಸತಾಯಿಸಿದ್ದು ವರ್ಗಾವಣೆ.

ನನ್ನ ತವರು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ. ಗಂಡನ ಮನೆ ಕನಕಪುರ ತಾಲ್ಲೂಕಿನ ಕೋಡಿಹಳ್ಳಿ. ಬೆಂಗಳೂರು ಬಲ್ಲವರು ಇಷ್ಟು ಹೇಳಿದರೇ ಹುಬ್ಬು ಹಾರಿಸುತ್ತಾರೆ. ಯಾಕೆಂದರೆ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇನ್ನೊಂದು ತಿಪ್ಪಸಂದ್ರ ಇದೆ, ಇನ್ನೊಂದು ಕೋಡಿಹಳ್ಳಿಯೂ ಇದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಊರಿಗೆಲ್ಲ ಅದೊಂದೇ ವಿಮಾನ ನಿಲ್ದಾಣ. ನಮ್ಮ ಮಾಗಡಿ, ಕನಕಪುರಗಳು ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. ಕಚೇರಿಯಲ್ಲಿ ಯಾರೋ ನನ್ನ ವಿಳಾಸ ಬರೆದುಕೊಳ್ಳುವಾಗ ತಾಲ್ಲೂಕನ್ನೂ ಬಿಟ್ಟರು, ಗ್ರಾಮಾಂತರವನ್ನೂ ಬಿಟ್ಟರು. ಉಳಿದದ್ದು ತಿಪ್ಪಸಂದ್ರ, ಬೆಂಗಳೂರು. ಮದುವೆಯಾದ ಮೇಲೆ ಕೋಡಿಹಳ್ಳಿ, ಬೆಂಗಳೂರು. ಹೀಗೆ ದೆಹಲಿಯ ಮುಖ್ಯ ಕಚೇರಿಯವರ ತಲೆಯಲ್ಲಿ ನಾನು ರನ್‌ವೇ ಪಕ್ಕದಲ್ಲಿ ಹುಟ್ಟಿ, ರನ್‌ವೇ ಪಕ್ಕದ ಮನೆಗೇ ಸೊಸೆಯಾಗಿ ಹೋದವಳು. ಆಗ ನನಗೆ ಇದು ಗೊತ್ತೇ ಇರಲಿಲ್ಲ.

ನನ್ನ ಮೊದಲ ಪೋಸ್ಟಿಂಗ್ ಬೆಂಗಳೂರೇ. ಅಲ್ಲಿ ನನಗೆ ಕೆಲಸ ಕಲಿಸಿದವರು ಪಿಂಟೊ ಸಾರ್. ಬೆನ್ನ ಹಿಂದೆ ನಿಂತು, ಕೈಯಲ್ಲಿ ಕಾಫಿ ಲೋಟ ಹಿಡಿದು, ಒಂದು ಮಾತೂ ಆಡದೆ ಕೇಳಿಸಿಕೊಳ್ಳುವ ಮನುಷ್ಯ. ಒಂದು ಬೆಳಿಗ್ಗೆ ಐದು ಒಂದು ಐದು ಎಂಬ ಸಂಖ್ಯೆಯ ವಿಮಾನವೂ ಐದು ಐದು ಒಂದು ಎಂಬ ವಿಮಾನವೂ ಒಟ್ಟಿಗೇ ನನ್ನ ಪಾಲಿಗೆ ಬಂದವು. ಮೊದಲನೆಯದಕ್ಕೆ ಕೆಳಗಿಳಿಯಲು ಹೇಳಿದೆ. "ಇಳಿಯುತ್ತಿದ್ದೇನೆ" ಎಂಬ ಉತ್ತರ ಬಂತು. ನಾನು ಮುಂದಿನ ವಿಮಾನಕ್ಕೆ ಮಾತಾಡಲು ಬಾಯಿ ತೆರೆದೆ.

"ಉತ್ತರ ಕೊಟ್ಟದ್ದು ಯಾರು?" ಎಂದರು ಪಿಂಟೊ ಸಾರ್.

ಇಳಿಯುತ್ತೇನೆ ಎಂದವನು ಎರಡನೆಯವನು. ಅವನ ಕೆಳಗೆ ಇನ್ನೊಂದು ವಿಮಾನ ಇತ್ತು. ತಕ್ಷಣ ಅವನಿಗೆ ಇದ್ದ ಎತ್ತರದಲ್ಲೇ ಇರಲು ಹೇಳಿದೆ. ಏನೂ ಆಗಲಿಲ್ಲ. ಪಾಳಿ ಮುಗಿದ ಮೇಲೆ ಪಿಂಟೊ ಸಾರ್ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. "ಒಂದೇ ಥರದ ಹೆಸರು ಎರಡು ಇದ್ದರೆ, ಇಬ್ಬರಿಗೂ ಮೊದಲೇ ಹೇಳಬೇಕು ಮಾರಾಯ್ತಿ. ನಿನ್ನಂಥದೇ ಹೆಸರಿನವ ಇನ್ನೊಬ್ಬ ಮೇಲಿದ್ದಾನೆ, ಜಾಗ್ರತೆ ಅಂತ. ಮತ್ತೆ, ನೀನು ಹೇಳಿದ್ದನ್ನು ಅವನ ಬಾಯಿಂದ ತಿರುಗಿ ಹೇಳಿಸದೆ ಬಿಡಲೇಬಾರದು" ಎಂದರು. ಈ ತಿರುಗಿ ಹೇಳಿಸುವುದು ನಮ್ಮ ಕಸುಬಿನ ಉಸಿರು. ಅದು ನನಗೆ ಎಷ್ಟು ಅಂಟಿತೆಂದರೆ, ತರಕಾರಿ ತರಲು ಹೋಗುವ ಗಂಡನಿಂದಲೂ ತಿರುಗಿ ಹೇಳಿಸುತ್ತಿದ್ದೆ.

ಗಂಡ ಸಿದ್ದರಾಜು ಸರ್ಕಾರಿ ದನದ ಡಾಕ್ಟರು. ಕೋಡಿಹಳ್ಳಿಯ ಸುತ್ತಮುತ್ತ ಅವರು ಕೈ ಹಾಕಿ ಹೊರಗೆ ಎಳೆಯದ ಕರುವಿಲ್ಲ. ರಾಜ್ಯ ಸರ್ಕಾರದ ನೌಕರಿ, ಹೊರಗೆ ಬರುವಂತಿಲ್ಲ. ಮಗಳು ಮಾನಸ ಹುಟ್ಟಿ, ಇನ್ನೂ ಸರಿಯಾಗಿ ಮಾತು ಬರುವ ಮೊದಲೇ ನನಗೆ ಅಸ್ಸಾಮಿನ ಒಂದು ಸಣ್ಣ ನಿಲ್ದಾಣಕ್ಕೆ ವರ್ಗವಾಯಿತು. ಎಲ್ಲರೂ ಒಮ್ಮೆ ಹೋಗಲೇಬೇಕಾದ ಜಾಗ ಅದು. ಹೋದೆ. ಹೋಗುವುದಕ್ಕೆ ನನ್ನ ತಕರಾರಿರಲಿಲ್ಲ. ಮಗು ಅತ್ತೆಯ ಹತ್ತಿರ ಉಳಿಯಿತು.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರಲಿ. ಕಂಟ್ರೋಲರ್ ವರ್ಗವಾದರೆ ಅವನ ಅನುಭವ ಅವನ ಜೊತೆ ರೈಲು ಹತ್ತುವುದಿಲ್ಲ. ಹೊಸ ಜಾಗದ ಆಕಾಶವನ್ನು ಮತ್ತೆ ಕಲಿತು, ಪರೀಕ್ಷೆ ಕೊಟ್ಟು ಪಾಸಾಗುವವರೆಗೆ ಮೈಕು ಮುಟ್ಟುವಂತಿಲ್ಲ. ಬೆಂಗಳೂರಿನ ದಟ್ಟಣೆ ನಿಭಾಯಿಸಿ ಬಂದವಳು ನಾನು, ಅಸ್ಸಾಮಿನಲ್ಲಿ ತಿಂಗಳುಗಟ್ಟಲೆ ನನಗಿಂತ ಚಿಕ್ಕವರ ಮಗ್ಗುಲಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ನಿಯಮ ಸರಿಯಾಗಿಯೇ ಇದೆ, ಪ್ರತಿ ಊರಿನ ಗುಡ್ಡವೂ ಗಾಳಿಯೂ ಬೇರೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಏನು ಎಂಬುದು ಗೋಪುರದವರಿಗೆ ಇಷ್ಟು ಚೆನ್ನಾಗಿ ಗೊತ್ತು. ನಮ್ಮನ್ನು ಕಳಿಸುವವರಿಗೆ ಮಾತ್ರ ಗೊತ್ತಿಲ್ಲ ಎನ್ನುವುದು ನನ್ನ ಸಿಟ್ಟು.

ಅಸ್ಸಾಮಿನ ಅವಧಿ ಮುಗಿಯಿತು. ಬೆಂಗಳೂರು ಕೇಳಿದೆ. ಇಲ್ಲ ಎಂದರು. ಮರುವರ್ಷ ಕೇಳಿದೆ. ಇಲ್ಲ. ಅಸ್ಸಾಮಿನಿಂದ ಎಬ್ಬಿಸಿ ನಾಗಪುರಕ್ಕೆ ಹಾಕಿದರು, ಅಲ್ಲಿಂದಲೂ ಕೇಳಿದೆ. ಇಲ್ಲ. ನಿಯಮ ಇಷ್ಟು: ಸ್ವಂತ ಊರಿನಲ್ಲಿ ಒಮ್ಮೆ ಕೆಲಸ ಮಾಡಿದವರಿಗೆ ಮತ್ತೆ ಆ ಊರು ಬೇಗ ಸಿಗುವುದಿಲ್ಲ. ನಾನು ಬೆಂಗಳೂರಿನವಳೇ ಅಲ್ಲವಲ್ಲ, ನನಗೇಕೆ ಈ ನಿಯಮ ಎಂದು ತಲೆ ಕೆರೆದುಕೊಂಡೆ. ಕಡೆಗೆ ನಾಗಪುರದ ನಮ್ಮ ಇನ್‌ಚಾರ್ಜ್ ಒಂದು ದಿನ ದೆಹಲಿಗೆ ಫೋನ್ ಮಾಡಿ ಕೇಳಿ ನಗುನಗುತ್ತಾ ಹೊರಗೆ ಬಂದರು. "ಮೇಡಂ, ನಿಮ್ಮ ತವರೂ ಏರ್‌ಪೋರ್ಟ್ ಪಕ್ಕ, ಗಂಡನ ಮನೆಯೂ ಏರ್‌ಪೋರ್ಟ್ ಪಕ್ಕ. ಅಷ್ಟು ವರ್ಷ ಮನೆಯಿಂದ ನಡೆದುಕೊಂಡು ಡ್ಯೂಟಿಗೆ ಹೋಗಿದ್ದೀರಿ. ಇನ್ನೂ ಆಸೆ ತೀರಲಿಲ್ಲವಾ ಅಂತ ಕೇಳ್ತಿದ್ದಾರೆ."

ಅವತ್ತು ನನಗೆ ಎಲ್ಲ ಅರ್ಥವಾಯಿತು. ಐದು ಒಂದು ಐದಕ್ಕೆ ಹೇಳಿದ ಮಾತಿಗೆ ಐದು ಐದು ಒಂದು ಉತ್ತರ ಕೊಡುತ್ತಿತ್ತು. ಮೂರು ಸಲ ಬರೆದು ತಿಳಿಸಿದೆ: ಬೆಂಗಳೂರಿನಲ್ಲಿ ನಾನು ಇದ್ದದ್ದು ಬಾಡಿಗೆ ರೂಮಿನಲ್ಲಿ, ನನ್ನ ಕೋಡಿಹಳ್ಳಿ ಬೇರೆ, ತಿಪ್ಪಸಂದ್ರವೂ ಬೇರೆ. ಒಂದು ಊರಿನ ಹೆಸರು ತಪ್ಪಾಗಿರಬಹುದು, ಎರಡೂ ಊರು ತಪ್ಪಾಗಲು ಹೇಗೆ ಸಾಧ್ಯ, ಈಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ದೆಹಲಿಯಲ್ಲಿ ಮಾತಾಡಿಕೊಂಡರಂತೆ. ಮೈಯೆಲ್ಲ ಉರಿದುಹೋಯಿತು.

ಊರಿಗೆ ರಜೆಗೆ ಬಂದಾಗ ಗಂಡನಿಗೆ ಹೇಳಿದೆ. ಅವರು ಎಂಥ ಸಂಕಟವನ್ನೂ ನಗೆಯಲ್ಲಿ ತೇಲಿಸುವ ಜನ. "ಅಂಗಾದ್ರೆ ಆ ಕೋಡಳ್ಳೀಲಿ ನಂಗೆ ಇನ್ನೊಬ್ಳು ಹೆಂಡ್ತಿ ಅವ್ಳೆ ಅನ್ನು. ದಿನಾ ಮನೇಲಿ ಇರ್ತಾಳೆ, ಬಿಸಿ ಮುದ್ದೆ ಮಾಡಾಕ್ತಾಳೆ. ನನ್ ಅದೃಷ್ಟವೇ ಅದೃಷ್ಟ ಕಣೆ!" ಅತ್ತೆ ಚಿಕ್ಕತಾಯಮ್ಮನವರೂ ನಕ್ಕರು. ನಾನೂ ನಕ್ಕೆ. ರಾಗಿ ಹಿಟ್ಟಿನ ಡಬ್ಬಿಯ ಪಕ್ಕ ಕೂತು ಮಾತು ಕೇಳುತ್ತಿದ್ದ ಮಾನಸ ನಗಲಿಲ್ಲ. ಮಲಗುವ ಹೊತ್ತಿಗೆ ನನ್ನ ಸೆರಗು ಹಿಡಿದು ಕೇಳಿದಳು:

"ಅಮ್ಮ, ಆ ಕೋಡಳ್ಳಿ ಅಮ್ಮಂಗೂ ಒಬ್ಳು ಮಗ್ಳು ಅವ್ಳಾ? ಅವ್ಳ ಜಡೆ ದಿನಾ ಅಮ್ಮನೇ ಹಾಕ್ತಾಳಾ?"

ಇಲ್ಲದ ಒಬ್ಬ ಹೆಂಗಸಿನ ಮಗಳ ಮೇಲೆ ನನ್ನ ಮಗಳು ಅಸೂಯೆ ಪಡುತ್ತಿದ್ದಳು. ಅವಳು ದೊಡ್ಡವಳಾಗಿ ನನ್ನ ಅಗತ್ಯವೇ ಇಲ್ಲವಾಗುವ ಮೊದಲು ಊರು ಸೇರಲೇಬೇಕು, ಆ ಇನ್ನೊಂದು ಕೋಡಿಹಳ್ಳಿಯವಳನ್ನು ಓಡಿಸಲೇಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ದಾರಿ ತೋರಿಸುವವರಿಗೇನೂ ಬರವಿರಲಿಲ್ಲ. ಒಬ್ಬ ಅಧಿಕಾರಿ ಬೆನ್ನುನೋವು ಎಂದು ಡಾಕ್ಟರ್ ಚೀಟಿ ತರಲು ಹೇಳಿದರು. ನನ್ನ ಬೆನ್ನು ಗಟ್ಟಿಮುಟ್ಟಾಗಿತ್ತು, ತರಲಿಲ್ಲ. ಸೋದರಮಾವ ಹುರುಪಿನಿಂದ ಬಂದ. "ನಮ್ ಲೀಡ್ರಿಗೆ ಒಂದ್ ಮಾತು ಹೇಳುಸ್ತೀನಿ ಬುಡವ್ವ. ದೆಲ್ಲಿಗೆ ಒಂದ್ ಫೋನ್ ವೋದ್ರೆ ಮುಗೀತು."

"ಬ್ಯಾಡ ಮಾವ. ನಾನು ಸುಳ್ಳು ಹೇಳಿಲ್ಲ. ದಯೆ ಯಾಕೆ ಕೇಳ್ಲಿ?"

"ಲೇ, ನೀನೊಳ್ಳೆ ಹಟಮಾರಿ. ಕೆಲ್ಸ ಆಗ್ಬೇಕೋ, ಸತ್ಯ ಗೆಲ್ಬೇಕೋ?"

"ಎರಡೂ ಆಗ್ಬೇಕು" ಎಂದೆ. ಅತ್ತೆ ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದೇನೆ, ಆ ತಾಯಿ ಮಾಡಿಸುತ್ತಾಳೆ ಎಂದರು. ಮಾಡಿಸಲಿ, ಆದರೆ ಯಾವ ಕೋಡಿಹಳ್ಳಿ ಅಂತ ಅಮ್ಮನಿಗೆ ಸರಿಯಾಗಿ ಹೇಳಿದ್ದೀರಾ ಅತ್ತೆ ಎಂದು ಕೇಳಿದೆ. ಬೈಸಿಕೊಂಡೆ.

ಅದೇ ರಜೆಯಲ್ಲಿ ಒಂದು ಸುದ್ದಿ ಬಂತು. ನಮ್ಮ ವರ್ಗಾವಣೆಗಳನ್ನು ನೋಡಿಕೊಳ್ಳುವ ದೆಹಲಿಯ ಮಾಥುರ್ ಸಾಹೇಬರು ಯಾವುದೋ ಮೀಟಿಂಗಿಗೆ ಬೆಂಗಳೂರಿಗೆ ಬಂದಿದ್ದಾರೆ, ವಿಮಾನ ನಿಲ್ದಾಣದ ಹತ್ತಿರದ ಗೆಸ್ಟ್ ಹೌಸಿನಲ್ಲಿದ್ದಾರೆ. ಹೋಗಿ ನೋಡಿದೆ. ಅವರೂ ಹಿಂದೆ ಗೋಪುರದಲ್ಲಿ ಕೂತವರೇ, ಆಮೇಲೆ ಕುರ್ಚಿ ಬದಲಾಗಿತ್ತು. ನನ್ನ ಹೆಸರು ಕೇಳಿದ್ದೇ ನಗು. "ಓ, ಕೋಡಿಹಳ್ಳಿಯವರು! ನಿಮ್ಮ ಮನೆ ಇಲ್ಲೇ ಹಿಂದುಗಡೆ ಅಲ್ಲವಾ?"

ವಾದ ಮಾಡಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಒಂದು ಯೋಚನೆ ಹೊಳೆಯಿತು. "ನಾಳೆ ಭಾನುವಾರ ಸಾರ್. ಕೋಡಿಹಳ್ಳಿಯ ನಮ್ಮ ಮನೆಗೆ ಊಟಕ್ಕೆ ಬನ್ನಿ. ನಾವೇ ಬಂದು ಕರೆದುಕೊಂಡು ಹೋಗುತ್ತೇವೆ" ಎಂದೆ. ಸಂಜೆ ವಿಮಾನವಿದೆ, ಬೇಗ ಬಿಡಬೇಕು ಎಂದರು. ಒಪ್ಪಿದರು.

ಮಾರನೆಯ ದಿನ ಸಿದ್ದರಾಜು ತಮ್ಮ ಹಳೆಯ ವ್ಯಾನ್ ತಂದರು. ಅದರ ತುಂಬ ದನದ ಔಷಧಿಯ ಗಮಲು. ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ಕೂತರು. ಐದು ನಿಮಿಷದ ದಾರಿಯಲ್ಲವೇ, ಸಹಿಸಿಕೊಂಡರು. ವ್ಯಾನು ಊರ ದಕ್ಷಿಣಕ್ಕೆ ತಿರುಗಿ ಕನಕಪುರ ರಸ್ತೆ ಹಿಡಿಯಿತು. ಕಗ್ಗಲೀಪುರದಲ್ಲಿ ಅವರು ಗಡಿಯಾರ ನೋಡಿದರು.

"ಇನ್ನೆಷ್ಟು ದೂರ?"

"ಬಂತು ಸಾರ್."

ಹಾರೋಹಳ್ಳಿ ದಾಟಿತು. ಕರ್ಚೀಫು ಜೇಬಿಗೆ ಹೋಯಿತು. "ಇದೂ ಬೆಂಗಳೂರೇ?" ಎಂದರು.

"ನಿಮ್ಮ ಕಚೇರಿಯ ಪ್ರಕಾರ ಹೌದು ಸಾರ್."

ಕನಕಪುರದ ಪೇಟೆಯಲ್ಲಿ ರೇಷ್ಮೆಗೂಡಿನ ಮೂಟೆ ಹೊತ್ತ ಆಟೋ ಅಡ್ಡ ಬಂದು ನಿಂತಾಗ ಸಾಹೇಬರಿಗೆ ತಡೆಯಲಾಗಲಿಲ್ಲ. "ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ? ನನ್ನ ವಿಮಾನ ಹೊರಟುಹೋಗುತ್ತದೆ!"

"ಗಾಬರಿ ಬೇಡಿ ಸಾರ್. ಏರ್‌ಪೋರ್ಟು ನಮ್ಮ ಮನೆ ಹಿಂದುಗಡೆಯೇ ಅಲ್ಲವಾ?"

ಸಿದ್ದರಾಜು ಕೆಮ್ಮುವ ನೆಪದಲ್ಲಿ ಕಿಟಕಿಯಾಚೆ ಮುಖ ಮಾಡಿದರು. ಕೋಡಿಹಳ್ಳಿಯಲ್ಲಿ ಇಳಿದಾಗ ಸಾಹೇಬರ ಮುಖ ಕೆಂಪಗಿತ್ತು. ವ್ಯಾನ್ ಕಂಡಿದ್ದೇ ಯಾರೋ ಓಡಿಬಂದು "ಡಾಕ್ಟ್ರೇ, ಹಸ ಮೇವು ಬುಟ್ಟೈತೆ, ಒಸಿ ನೋಡ್ಬುಟ್ಟು ವೋಗಿ" ಎಂದು ಗಂಡನನ್ನು ಎಳೆದುಕೊಂಡು ಹೋದ. ಅತ್ತೆ ಬಂದವರು ಯಾರು ಏನು ಎಂದು ಕೇಳದೆ ಮುದ್ದೆ ಬಡಿಸಿ ಬಸ್ಸಾರು ಬಿಟ್ಟರು. ಸಾಹೇಬರು ಮುದ್ದೆಯನ್ನು ಅಗಿಯತೊಡಗಿದರು. "ಅಗೀಬ್ಯಾಡ ಕಣಪ್ಪ, ನುಂಗು" ಎಂದು ಅತ್ತೆ ಗದರಿದರು. ನಾನು ಅನುವಾದಿಸಿದೆ. ಸಿಟ್ಟಿನಲ್ಲಿದ್ದರೂ ಮನುಷ್ಯ ನುಂಗಿದರು.

ಮಾನಸ ಬಾಗಿಲ ಬಳಿ ನಿಂತು ಅವರನ್ನೇ ನೋಡುತ್ತಿದ್ದಳು. ದೆಹಲಿಯಿಂದ ಬಂದವರು, ಅಮ್ಮನ ಆಫೀಸಿನವರು ಎಂದು ನಮ್ಮ ಮಾತಿನಿಂದ ತಿಳಿದುಕೊಂಡಿದ್ದಳು. ಮೆಲ್ಲಗೆ ಹತ್ತಿರ ಬಂದು ಶಾಲೆಯ ಇಂಗ್ಲಿಷಿನಲ್ಲಿ ಒಂದೊಂದೇ ಪದ ಜೋಡಿಸಿ ಕೇಳಿದಳು: "ಅಂಕಲ್, ಆ ಕೋಡಿಹಳ್ಳಿಯಲ್ಲಿರುವ ನನ್ನ ಅಮ್ಮನನ್ನು ನೀವು ನೋಡಿದ್ದೀರಾ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಹೇಳಿಕೊಟ್ಟಿದ್ದೇನೆ ಎಂದುಕೊಂಡರೋ ಏನೋ. ಆಣೆಗೂ ಹೇಳಿಕೊಟ್ಟಿರಲಿಲ್ಲ. ನನ್ನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ. ಅವರು ತಟ್ಟೆಯಲ್ಲಿ ಉಳಿದದ್ದನ್ನು ಉಂಡು ಕೈ ತೊಳೆದರು.

ವಾಪಸು ಬರುವಾಗ ಹಾರೋಹಳ್ಳಿಯ ಹತ್ತಿರ ಬಾಯಿ ಬಿಟ್ಟರು. "ನೀವು ನನಗೆ ಮೋಸ ಮಾಡಿದಿರಿ."

"ನಾನು ಕೋಡಿಹಳ್ಳಿಯ ನಮ್ಮ ಮನೆ ಅಂದೆ ಸಾರ್. ಎಲ್ಲಿದೆ ಅಂತ ನೀವು ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ."

ಸ್ವಲ್ಪ ದೂರ ಹೋದ ಮೇಲೆ, "ಬೆಂಗಳೂರು ಕೊಟ್ಟರೂ ದಿನಾ ಇಲ್ಲಿಂದ ಓಡಾಡಲು ಸಾಧ್ಯವೇ?" ಎಂದರು. ಸಾಧ್ಯವಿಲ್ಲ ಎಂದೆ. ಆದರೆ ರಾತ್ರಿ ಪಾಳಿ ಮುಗಿಸಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು, ಪಾಳಿಯ ನಡುವಿನ ರಜೆಗಳು ಮಗಳ ಪಾಲಿಗಾಗುತ್ತವೆ, ನಾಗಪುರದಿಂದ ಅದೂ ಇಲ್ಲ ಎಂದೆ. ಅವರು ತಲೆಯಾಡಿಸಿದರು. ನನಗೆ ತಲೆಯಾಡಿಸಿದ್ದು ಸಾಲಲಿಲ್ಲ.

"ಸಾರ್, ನಮ್ಮೂರು ಯಾವುದು? ಒಂದು ಸಲ ತಿರುಗಿ ಹೇಳಿ."

ಸಿದ್ದರಾಜು ಸ್ಟಿಯರಿಂಗ್ ಹಿಡಿದೇ ನನ್ನನ್ನು ತಿವಿದರು. ಸಾಹೇಬರು ದುರುಗುಟ್ಟಿ ನೋಡಿದರು. ಆದರೆ ಎಷ್ಟಾದರೂ ಅವರು ಹಳೆಯ ಕಂಟ್ರೋಲರ್. ರೇಡಿಯೊದಲ್ಲಿ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದರು: "ಕೋಡಿಹಳ್ಳಿ. ಕನಕಪುರ ತಾಲ್ಲೂಕು. ಬೆಂಗಳೂರು ಗ್ರಾಮಾಂತರ."

"ಸರಿ ಸಾರ್" ಎಂದೆ. ಅವರ ಸಂಜೆಯ ವಿಮಾನ ಅವರನ್ನು ಬಿಟ್ಟೇ ಹಾರಿತ್ತು.

ಆದೇಶ ಕೆಲವು ತಿಂಗಳಲ್ಲಿ ಬಂತು. ಬಂದ ಮಾತ್ರಕ್ಕೆ ಮುಗಿಯಿತೇ? ಬದಲಿಯವನು ಬಂದು ಸೇರುವವರೆಗೆ ನಿಮ್ಮನ್ನು ಬಿಡುವುದಿಲ್ಲ ಎಂದರು ನಾಗಪುರದವರು. ಬದಲಿಯವನಿಗೆ ಬರಲು ಇಷ್ಟವಿಲ್ಲ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಅವನ ಮನೆಯಲ್ಲೂ ಜಡೆ ಹಾಕಿಸಿಕೊಳ್ಳುವ ಮಗಳಿರಬಹುದು. ಕಾಡಿದ್ದು ಇನ್‌ಚಾರ್ಜ್ ಅವರನ್ನೇ. ಪ್ರತಿ ಪಾಳಿ ಮುಗಿದ ಮೇಲೂ ಅವರ ಬಾಗಿಲಿಗೆ ಹೋಗಿ ನಿಂತು "ಸಾರ್, ಯಾವತ್ತು ಬಿಡ್ತೀರಿ?" ಎಂದು ಅದೊಂದೇ ಪ್ರಶ್ನೆ ಕೇಳುತ್ತಿದ್ದೆ. ಮೊದಮೊದಲು ಕೂರಲು ಹೇಳುತ್ತಿದ್ದರು, ಆಮೇಲೆ ನನ್ನ ಚಪ್ಪಲಿ ಸದ್ದು ಕೇಳಿದರೆ ಫೋನ್ ಎತ್ತಿಕೊಳ್ಳುತ್ತಿದ್ದರು. ನನ್ನ ಜೊತೆಯವರೆಲ್ಲ, ಹೀಗೆ ಮಾಡಿದರೆ ಇನ್ನೂ ತಡ ಮಾಡುತ್ತಾರೆ, ನಯವಾಗಿರಿ ಎಂದು ಬುದ್ಧಿ ಹೇಳಿದರು. ನಯವಾಗಿದ್ದು ಕಳೆದ ವರ್ಷಗಳನ್ನು ಯಾರು ತಂದುಕೊಡುತ್ತಾರೆ? ಕಡೆಗೆ ಅಲ್ಲೇ ತರಬೇತಿಯಲ್ಲಿದ್ದ ಹೊಸಬರು ಪರೀಕ್ಷೆ ಪಾಸಾಗಿ ಪಾಳಿಗೆ ಸೇರಿದರು, ನನ್ನನ್ನು ಹಿಡಿದಿಡಲು ನೆಪ ಉಳಿಯಲಿಲ್ಲ.

ಸಾಮಾನು ಸಮೇತ ಕೋಡಿಹಳ್ಳಿಯಲ್ಲಿ ಬಸ್ಸಿಳಿದಾಗ ಮಾನಸ ನಿಂತಿದ್ದಳು. ನನ್ನ ಭುಜದವರೆಗೆ ಬೆಳೆದುಬಿಟ್ಟಿದ್ದಳು. ಜಡೆ ತಾನೇ ಹಾಕಿಕೊಂಡಿದ್ದಳು, ಅದೂ ನೀಟಾಗಿ.

"ಎಷ್ಟ್ ದಿನ ರಜ ಅಮ್ಮ?"

"ರಜ ಅಲ್ಲ ಕಣೆ, ಬಂದ್ಬುಟ್ಟೆ" ಎಂದೆ. ಅವಳು ನಂಬಲಿಲ್ಲ. ನಾಲ್ಕು ದಿನ ಬಿಟ್ಟು ರಾತ್ರಿ ಪಾಳಿ ಮುಗಿಸಿ ಮತ್ತೆ ಬಂದೆ, ಮತ್ತೆ ನಾಲ್ಕು ದಿನ ಬಿಟ್ಟು ಬಂದೆ. ಆಗ ಒಂದು ಬೆಳಿಗ್ಗೆ ಶಾಲೆಗೆ ಹೊತ್ತಾಗುತ್ತಿದ್ದರೂ ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ತಿರುಗಿಸಿ ಕೂತಳು. ತಾನು ಹಾಕಿದ್ದ ಜಡೆಯನ್ನು ತಾನೇ ಬಿಚ್ಚಿಕೊಂಡಿದ್ದಳು.

ಹೊಸಬರು ಕೇಳುತ್ತಾರೆ, ಅಷ್ಟೆಲ್ಲ ಜಗಳ ಬೇಕಿತ್ತೇ ಮೇಡಂ ಎಂದು. ಬೇಕಿತ್ತು. ಊಟಕ್ಕೆ ಕರೆದದ್ದಕ್ಕೂ ಪಶ್ಚಾತ್ತಾಪವಿಲ್ಲ, ಬಾಗಿಲಲ್ಲಿ ನಿಂತದ್ದಕ್ಕೂ ಇಲ್ಲ. ಈಗ ಎಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ ಎನ್ನುತ್ತಾರೆ. ಕಂಪ್ಯೂಟರಿಗೂ ಎರಡು ಕೋಡಿಹಳ್ಳಿ ಗೊತ್ತಿರಬೇಕಲ್ಲ? ನಮ್ಮ ಜಿಲ್ಲೆ ಆಮೇಲೆ ರಾಮನಗರವಾಯಿತು, ಬದುಕಿಕೊಂಡೆ ಎಂದುಕೊಂಡೆ. ಈಗ ಅದೇ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ. ಮುಂದೆ ಕೆಲಸಕ್ಕೆ ಸೇರುವ ನಮ್ಮೂರಿನ ಹೆಣ್ಣುಮಕ್ಕಳೇ, ಹುಷಾರು.

ನಿವೃತ್ತಿಯ ದಿನ ಹಾರ ಹಾಕಿ, ಆಫೀಸಿನ ಕಾರಿನಲ್ಲಿ ಮನೆಯವರೆಗೆ ಬಿಟ್ಟು ಬರುವುದು ನಮ್ಮಲ್ಲಿ ವಾಡಿಕೆ. ಸಮಾರಂಭದಲ್ಲಿ ಹೊಸ ಮ್ಯಾನೇಜರ್ ನನ್ನನ್ನು ಹೊಗಳಿ, ಇವರು ಅದೃಷ್ಟವಂತರು, ಕೋಡಿಹಳ್ಳಿಯವರಾದ್ದರಿಂದ ಬಹುಕಾಲ ಮನೆಯ ಹತ್ತಿರವೇ ಕೆಲಸ ಮಾಡಿದರು ಎಂದರು. ಸಭೆಯಲ್ಲಿದ್ದ ಸಿದ್ದರಾಜು ತಲೆ ತಗ್ಗಿಸಿಕೊಂಡು ನಕ್ಕರು. ಮೈಕು ಇಸಿದುಕೊಳ್ಳಲು ಎದ್ದವಳನ್ನು ಮಾನಸ ಕೈ ಹಿಡಿದು ಕೂರಿಸಿದಳು. ಈಗ ರಾಮನಗರದ ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಅವಳು, ನಾನು ಹೆದರುತ್ತೇನೆ.

ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣದಿಂದ ಕಾರು ಹೊರಟಿತು. ಡ್ರೈವರ್ ಹುಡುಗ ಮುನಿರಾಜು ಫೋನಿನಲ್ಲಿ ಮ್ಯಾಪ್ ಹಾಕಿಕೊಂಡಿದ್ದ. ಹಾರದ ಸೇವಂತಿಗೆ ವಾಸನೆಯಲ್ಲಿ, ಮಾತಿನಲ್ಲಿ ದಾರಿ ಸಾಗಿ ನಾನು ಹೊರಗೆ ನೋಡಿಯೇ ಇರಲಿಲ್ಲ. ಕಾರು ನಿಧಾನವಾಯಿತು. ನೋಡಿದರೆ ಹಳೆಯ ಏರ್‌ಪೋರ್ಟ್ ರಸ್ತೆ.

"ಕೋಡಿಹಳ್ಳಿ ಬಂತು ಮೇಡಂ. ಮನೆ ಯಾವ ಕಡೆ?"

ಸಿದ್ದರಾಜು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಲೇ ಗಿರಿಜ, ಇಲ್ಲೇ ಎಲ್ಲೋ ಐತೆ ನನ್ ಇನ್ನೊಂದ್ ಸಂಸಾರ!"

ಮಾನಸ ಮಾತ್ರ ಕಿಟಕಿಯ ಗಾಜು ಇಳಿಸಿ ಆ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಆ ಅಮ್ಮ ಈಗ್ಲೂ ಇಲ್ಲೇ ಇರ್ಬೋದಾ?" ಎಂದಳು. ಕಣ್ಣಲ್ಲಿ ತುಂಟತನವಿತ್ತು, ದನಿಯಲ್ಲಿ ಇರಲಿಲ್ಲ.

"ಇಲ್ಲ ಕಣೆ. ನೀನು ಬಾಚಣಿಗೆ ತಂದು ಕೂತ ದಿನವೇ ಅವಳು ಮನೆ ಖಾಲಿ ಮಾಡಿದ್ಳು" ಎಂದೆ. ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಮುನಿರಾಜು ಗಲಿಬಿಲಿಯಿಂದ ನಮ್ಮ ಮೂವರನ್ನೂ ಕನ್ನಡಿಯಲ್ಲಿ ನೋಡುತ್ತಿದ್ದ. ನಾನು ಮುಂದೆ ಬಾಗಿದೆ. "ಕೋಡಿಹಳ್ಳಿ, ಕನಕಪುರ ತಾಲ್ಲೂಕು. ತಿರುಗಿ ಹೇಳಪ್ಪ."

"ಅಯ್ಯೋ! ಅಲ್ಲಿಗಾ ಮೇಡಂ?"

"ತಿರುಗಿ ಹೇಳು."

"ಕೋಡಿಹಳ್ಳಿ... ಕನಕಪುರ ತಾಲ್ಲೂಕು."

"ರೈಟ್" ಎಂದೆ. ಗಾಡಿ ಹೊರಟಿತು.